ಸ್ಟಿಯರಿಂಗ್ ನಡುಗಿದರೆ ಮೊದಲು ನಾವು ನೋಡೋಣ, ಆಮೇಲೆ ಗ್ಯಾರೇಜು

ಪಿಕಪ್ ಗಾಡಿ ಈಗ ನಮ್ಮ ಬಯಲುಸೀಮೆ ಬೇಸಾಯದ ಒಂದು ಅಂಗವೇ ಆಗಿಬಿಟ್ಟಿದೆ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಸಣ್ಣ ರೈತರೂ ಸಾಲ ಮಾಡಿ ಗಾಡಿ ತರುವ ಧೈರ್ಯ ಮಾಡಿದರು. ಆಮೇಲೆ ಇನ್ನೂ ದೊಡ್ಡ ಪಿಕಪ್‌ಗಳು ಬಂದವು. ಚಿತ್ರದುರ್ಗ ಜಿಲ್ಲೆಯ ಯಾವ ಹಳ್ಳಿಗೆ ಹೋದರೂ ಎರಡು ಮೂರು ನಿಂತಿರ್ತವೆ. ಶೇಂಗಾ ಚಳ್ಳಕೆರೆಗೆ, ಈರುಳ್ಳಿ ಯಶವಂತಪುರಕ್ಕೆ ಹೋಗೋದು ಇವುಗಳಲ್ಲೇ. ಹಿರಿಯೂರು ದಾಟಿ 48ನೇ ನಂಬರಿನ ಹೆದ್ದಾರಿಗೆ (ಹಳಬರ ಬಾಯಲ್ಲಿ ಈಗಲೂ ಎನ್‌ಎಚ್ 4) ಬಿದ್ದರೆ ಬೆಂಗಳೂರಿಗೆ 150 ಕಿಲೋಮೀಟರಿಗೂ ಹೆಚ್ಚು ದಾರಿ. ರಾತ್ರಿ ಹೊರಟು ಬೆಳಗಿನ ಹರಾಜಿಗೆ ಮುಟ್ಟಬೇಕು.

ಇಂಥ ಗಾಡಿಗಳಲ್ಲಿ ಒಂದು ಕಾಯಿಲೆ ಬಹಳ. ಊರೊಳಗೆ, ಹೊಲದ ದಾರಿಯಲ್ಲಿ ಚೆನ್ನಾಗೇ ಓಡ್ತದೆ. ಹೆದ್ದಾರಿಯಲ್ಲಿ 65-70 ದಾಟಿದ ಕೂಡಲೆ ಮುಂಭಾಗ ನಡುಗಲಿಕ್ಕೆ ಶುರು. ಸ್ಟಿಯರಿಂಗ್ ಹಿಡಿದ ಕೈ ಜುಂ ಅನ್ನುತ್ತೆ. ಇದಕ್ಕೆ ನಮ್ಮ ಹುಡುಗರು ಎರಡು ಮದ್ದು ಕಂಡುಕೊಂಡಿದ್ದಾರೆ. ಒಂದು, "80 ದಾಟಿಸಿಬಿಡು, ನಡುಕ ನಿಲ್ತದೆ" ಅನ್ನೋದು. ಇನ್ನೊಂದು, ಗ್ಯಾರೇಜಿಗೆ ಬಿಟ್ಟು "ಏನು ಹೋಗಿದ್ಯೋ ಅದನ್ನೆಲ್ಲ ಹಾಕು" ಅನ್ನೋದು. ನನ್ನ ಅಭಿಪ್ರಾಯದಲ್ಲಿ ಎರಡೂ ತಪ್ಪು. ಮೊದಲನೆಯದು ಜೀವಕ್ಕೆ ಅಪಾಯ, ಎರಡನೆಯದು ಜೇಬಿಗೆ. ನಡುಕದ ಕಾರಣ ಹುಡುಕುವ ಮುಕ್ಕಾಲು ಪಾಲು ಕೆಲಸ ಗಾಡಿ ಇಟ್ಟುಕೊಂಡವನೇ ಮಾಡಬಹುದು, ಮಾಡಲೇಬೇಕು. ಅದಕ್ಕೆ ಜಾಕಿ, ನಟ್ಟು ಬಿಚ್ಚುವ ಪಾನಾ, ಒಂದು ಸೀಮೆಸುಣ್ಣ, ಅರ್ಧ ದಿನದ ಪುರಸೊತ್ತು ಇದ್ದರೆ ಸಾಕು.

ಶೇಂಗಾ ಹಳದಿ ಆದರೆ ನಾವು ಏನು ಮಾಡ್ತೇವೆ? ಎಳೆ ಎಲೆ ಹಳದಿಯೋ, ಹಳೆ ಎಲೆಯೋ ನೋಡ್ತೇವೆ. ನರ ಹಸಿರಾಗೇ ಉಳಿದಿದ್ದರೆ ಕಬ್ಬಿಣದ ಕೊರತೆ, ಕಪ್ಪು ಚುಕ್ಕೆ ಇದ್ದರೆ ಟಿಕ್ಕಾ, ಕಿತ್ತು ನೋಡಿ ಬೇರು ಕೊಳೆತಿದ್ದರೆ ಅದು ಬೇರೆಯೇ ರೋಗ. ನೋಡದೆ ಔಷಧಿ ಹೊಡೆಯೋದು ಅಂಗಡಿಯವನಿಗೆ ಲಾಭ. ಗಾಡಿಯ ನಡುಕವೂ ಹಾಗೆಯೇ. ಅದು ಲಕ್ಷಣ, ರೋಗ ಅಲ್ಲ.

ಮೊದಲು ಕೇಳಿಕೊಳ್ಳಬೇಕಾದ್ದು

ಪಾನಾ ಮುಟ್ಟುವ ಮೊದಲು ಗಾಡಿ ಓಡಿಸುವವನನ್ನು ಕೂರಿಸಿಕೊಂಡು ನಾಲ್ಕು ಪ್ರಶ್ನೆ ಕೇಳಿ.

1. ನಡುಕ ಎಲ್ಲಿ ಗೊತ್ತಾಗ್ತದೆ? ಸ್ಟಿಯರಿಂಗಿನಲ್ಲಿ ಆದರೆ ಸಾಮಾನ್ಯವಾಗಿ ಮುಂದಿನ ಚಕ್ರ. ಸೀಟು, ಕಾಲಡಿ, ಬಾಡಿ ನಡುಗಿದರೆ ಹಿಂದಿನ ಚಕ್ರ ಇಲ್ಲವೆ ಪ್ರೊಪೆಲರ್ ಶಾಫ್ಟು.

2. ಯಾವ ವೇಗದಲ್ಲಿ? 65ರಿಂದ 85ರ ನಡುವೆ ಬಂದು ಅತ್ತಿತ್ತ ಕಡಿಮೆ ಆದರೆ ಮೊದಲ ಅನುಮಾನ ಚಕ್ರದ ತೂಕ ಏರುಪೇರಿನ ಮೇಲೆ. 20-30ರಲ್ಲೇ ತೂಗಾಡಿದರೆ ಟೈರು ಒಳಗೆ ಹರಿದಿದೆ ಅಥವಾ ರಿಮ್ಮು ಬೆಂಡಾಗಿದೆ.

3. ಬ್ರೇಕ್ ಒತ್ತಿದಾಗ ಮಾತ್ರವೋ, ಯಾವಾಗಲೂವೋ? ಬ್ರೇಕಿನಲ್ಲಿ ಮಾತ್ರ ಆದರೆ ಟೈರು ಬಿಡಿ, ಡಿಸ್ಕೋ ಡ್ರಮ್ಮೋ ಸೊಟ್ಟಗಾಗಿದೆ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬಂದು ಬಿಟ್ಟರೆ ಹೋಗುವುದಾದರೆ ಶಾಫ್ಟಿನ ಕ್ರಾಸ್ ನೋಡಿ.

4. ಸುಮ್ಮನೆ ಬರ್ತದೋ, ಗುಂಡಿಗೆ ಬಿದ್ದ ಮೇಲೆ ಶುರುವಾಗ್ತದೋ? ಗುಂಡಿಯ ಮೇಲೆ ಶುರುವಾಗಿ ನಿಲ್ಲದಿದ್ದರೆ ಅದು ಬೇರೆ ಜಾತಿಯ ನಡುಕ. ಮುಂದೆ ಬರೆದಿದ್ದೇನೆ.

ಇನ್ನೊಂದು ಸುಲಭ ಪರೀಕ್ಷೆ. ಗಾಡಿ ನಿಲ್ಲಿಸಿ, ಗೇರು ಇಲ್ಲದೆ ಎಂಜಿನ್ ರೇಸ್ ಮಾಡಿ. ನಿಂತಲ್ಲೇ ಅದೇ ನಡುಕ ಬಂದರೆ ಚಕ್ರದ ತಂಟೆಗೆ ಹೋಗಬೇಡಿ, ಎಂಜಿನ್ನು ಅಥವಾ ಎಂಜಿನ್ ಕೂರಿಸಿದ ರಬ್ಬರು ಕಾರಣ.

ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ. "ಗಾಡಿ ಅಲ್ಲಾಡ್ತದೆ" ಅನ್ನೋದಕ್ಕೂ "72ಕ್ಕೆ ಶುರು, ಸ್ಟಿಯರಿಂಗಿನಲ್ಲಿ, ಬ್ರೇಕಿಗೆ ಸಂಬಂಧ ಇಲ್ಲ, ಖಾಲಿ ಇದ್ದಾಗಲೂ ಉಂಟು" ಅನ್ನೋದಕ್ಕೂ ಬಹಳ ವ್ಯತ್ಯಾಸ. ಒಳ್ಳೆ ಮೆಕ್ಯಾನಿಕ್ಕಿಗೆ ಎರಡನೆಯದು ಅರ್ಧ ಕೆಲಸ. ಬರೀ ಬಿಲ್ಲು ಬೆಳೆಸುವವನಿಗೆ ಅದು ಬೇಲಿ.

50 ಗ್ರಾಂ ಎರೆ ಮಣ್ಣಿನ ಲೆಕ್ಕ

ನಮ್ಮ ಕಡೆ ಗಾಡಿ ನಡುಗುವುದಕ್ಕೆ ಒಂದು ದೊಡ್ಡ ಕಾರಣ ಮಣ್ಣು ಅಂದರೆ ನಂಬಲಿಕ್ಕಿಲ್ಲ. ಮಳೆ ಬಂದ ಮಾರನೆ ದಿನ ಹೊಲಕ್ಕೆ ಗಾಡಿ ಇಳಿಸ್ತೇವೆ. ಎರೆ ಮಣ್ಣು ರಿಮ್ಮಿನ ಒಳಬದಿಗೆ ಮೆತ್ತಿಕೊಳ್ತದೆ. ಬಿಸಿಲಿಗೆ ಇಟ್ಟಿಗೆ ಥರ ಗಟ್ಟಿ ಆಗ್ತದೆ. ಹೊರಗಿನಿಂದ ಕಾಣೋದಿಲ್ಲ.

ಲೆಕ್ಕ ನೋಡಿ. ಚಕ್ರದ ನಡುವಿನಿಂದ 20 ಸೆಂಟಿಮೀಟರ್ ದೂರದಲ್ಲಿ 50 ಗ್ರಾಂ ಮಣ್ಣು ಒಂದೇ ಕಡೆ ಅಂಟಿದೆ ಅಂತಿಟ್ಟುಕೊಳ್ಳಿ. ಗಾಡಿ 80ರಲ್ಲಿ ಓಡುವಾಗ 15 ಇಂಚು ರಿಮ್ಮಿನ ಚಕ್ರ ಸೆಕೆಂಡಿಗೆ ಸುಮಾರು 10 ಸುತ್ತು ಸುತ್ತುತ್ತದೆ. ಆಗ ಆ 50 ಗ್ರಾಂ ಮಣ್ಣು ಹೊರಕ್ಕೆ ಎಳೆಯುವ ಬಲ ಸುಮಾರು 4 ಕೆಜಿ ತೂಕದಷ್ಟು. ಸೆಕೆಂಡಿಗೆ ಹತ್ತು ಸಲ ಮೇಲೆ ಕೆಳಗೆ, ಹಿಂದೆ ಮುಂದೆ ಜಗ್ಗುತ್ತದೆ. 40ರಲ್ಲಿ ಓಡುವಾಗ ಇದೇ ಬಲ ಒಂದೇ ಕೆಜಿ. ವೇಗ ಎರಡು ಪಟ್ಟು ಆದರೆ ಜಗ್ಗಾಟ ನಾಲ್ಕು ಪಟ್ಟು. ಊರೊಳಗೆ ಗೊತ್ತಾಗದ್ದು ಹೆದ್ದಾರಿಯಲ್ಲಿ ಗೊತ್ತಾಗುವುದು ಇದಕ್ಕೇ.

"80 ದಾಟಿದರೆ ನಿಲ್ತದೆ" ಅನ್ನುವವರಿಗೆ ಉತ್ತರವೂ ಇದರಲ್ಲೇ ಇದೆ. ಮುಂಭಾಗದ ಸ್ಪ್ರಿಂಗು, ಜಾಯಿಂಟುಗಳಿಗೆ ತಮ್ಮದೇ ಒಂದು ತೂಗುವ ತಾಳ ಇರ್ತದೆ. ಚಕ್ರದ ತಾಳ ಅದಕ್ಕೆ ಸರಿಯಾಗಿ ಕೂಡಿದ ವೇಗದಲ್ಲಿ ನಡುಕ ಕೈಗೆ ಜೋರಾಗಿ ಗೊತ್ತಾಗ್ತದೆ. ಮುಂದೆ ಹೋದರೆ ತಾಳ ತಪ್ಪುತ್ತದೆ, ಕೈಗೆ ಕಡಿಮೆ ಅನಿಸ್ತದೆ. ಜಗ್ಗಾಟ ಮಾತ್ರ ಹೆಚ್ಚೇ ಆಗಿರ್ತದೆ. ಬೇರಿಂಗು, ಟೈ ರಾಡ್ ಎಂಡು ಅದನ್ನು ತಿನ್ನುತ್ತಾ ಇರ್ತವೆ. ಜೊತೆಗೆ 2018ರ ಕೇಂದ್ರ ಸರ್ಕಾರದ ಆದೇಶದಲ್ಲಿ ನಾಲ್ಕು ಲೇನಿನ ರಸ್ತೆಯಲ್ಲೂ ಸರಕು ಗಾಡಿಗೆ ಗರಿಷ್ಠ ಮಿತಿ 80. ಅದರಾಚೆ ಮದ್ದು ಹುಡುಕುವ ಮಾತೇ ಬೇಡ.

ಹಾಗಾಗಿ ಮೊದಲ ಔಷಧಿ ನೀರು. ಚಕ್ರ ಬಿಚ್ಚಿ ಒಳಬದಿ ಕೆರೆದು ತೊಳೆಯಿರಿ. ರಿಮ್ಮಿನ ಅಂಚಿಗೆ ಹಾಕಿದ ಸೀಸದ ತುಂಡುಗಳು ಬಿದ್ದುಹೋಗಿದ್ದಾವೆಯೇ ನೋಡಿ. ತುಂಡು ಇದ್ದ ಜಾಗದಲ್ಲಿ ಗುರುತು ಉಳಿದಿರ್ತದೆ. ಹಬ್ಬಿನ ಮುಖ, ರಿಮ್ಮು ಕೂರುವ ಜಾಗದ ತುಕ್ಕು ಉಜ್ಜಿ ತೆಗೆಯಿರಿ. ಅಲ್ಲಿ ಒಂದು ಚಕ್ಕೆ ತುಕ್ಕು ಸಿಕ್ಕಿಕೊಂಡರೂ ಚಕ್ರ ಓರೆ ಕೂರ್ತದೆ. ನಟ್ಟುಗಳನ್ನು ಸುತ್ತಲೂ ಸಾಲಾಗಿ ಬಿಗಿಯಬೇಡಿ. ಒಂದಾದ ಮೇಲೆ ಅದರ ಎದುರಿನದು, ಹೀಗೆ ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. 50-100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಿ.

ಟೈರು ಓದಲು ಕಲಿಯೋಣ

ಎಲೆ ನೋಡಿ ಬೆಳೆಯ ಸ್ಥಿತಿ ಹೇಳುವ ನಮಗೆ ಟೈರು ಓದುವುದು ಕಷ್ಟ ಅಲ್ಲ. ಎರಡೂ ಅಂಚು ಸವೆದು ನಡುವೆ ಉಳಿದಿದ್ದರೆ ಗಾಳಿ ಕಡಿಮೆ ಓಡಿದೆ. ನಡುವೆ ಸವೆದಿದ್ದರೆ ಗಾಳಿ ಹೆಚ್ಚು. ಒಂದೇ ಅಂಚು ಸವೆದಿದ್ದರೆ ಚಕ್ರ ನಿಂತ ಕೋನ ತಪ್ಪಿದೆ. ಕೈ ಆಡಿಸಿದಾಗ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸ ಥರ ಆದರೆ ಮುಂದಿನ ಎರಡು ಚಕ್ರ ಒಂದಕ್ಕೊಂದು ನೇರ ಇಲ್ಲ. ಅಲ್ಲಲ್ಲಿ ಬಟ್ಟಲು ಬಟ್ಟಲಾಗಿ ಸವೆದಿದ್ದರೆ ಚಕ್ರ ಕುಣಿಯುತ್ತಾ ಓಡಿದೆ. ಬ್ಯಾಲೆನ್ಸ್ ಇಲ್ಲ, ಇಲ್ಲವೆ ಶಾಕ್ ಅಬ್ಸಾರ್ಬರ್ ಹೋಗಿದೆ, ಇಲ್ಲವೆ ಬೇರಿಂಗು ಸಡಿಲ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರ್ತಾರೆ. 2319 ಅಂತಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ನಮ್ಮ ಗಾಡಿಗಳು ಸುಗ್ಗಿಯಲ್ಲಿ ಓಡಿ ಉಳಿದ ತಿಂಗಳು ಬಿಸಿಲಲ್ಲಿ ನಿಲ್ತವೆ. ಗುಂಡಿ ಉಳಿದಿದ್ದರೂ ರಬ್ಬರು ಬಿರುಕು ಬಿಟ್ಟಿರ್ತದೆ. ತಿಂಗಳುಗಟ್ಟಲೆ ನಿಂತ ಗಾಡಿ ಹೊರಟಾಗ ಮೊದಲ ಕೆಲವು ಕಿಲೋಮೀಟರ್ ನಡುಗಿ ಆಮೇಲೆ ಸರಿ ಹೋದರೆ ಗಾಬರಿ ಬೇಡ, ಟೈರಿನ ಅಡಿ ಚಪ್ಪಟೆ ಆಗಿದ್ದು ಬಿಸಿಯಾಗಿ ಸರಿ ಹೋಯಿತು. ಹೋಗಲೇ ಇಲ್ಲ ಅಂದರೆ ಆ ಟೈರು ಮುಂದಕ್ಕೆ ಬೇಡ.

ಚಕ್ರ ಜಾಕಿ ಮೇಲೆ ಇರುವಾಗ ಸೀಮೆಸುಣ್ಣವನ್ನು ಒಂದು ಕಲ್ಲಿನ ಮೇಲೆ ಅಲುಗದಂತೆ ಊರಿ ಟೈರಿಗೆ ಕೂದಲೆಳೆ ದೂರದಲ್ಲಿ ಹಿಡಿಯಿರಿ. ಕೈಯಿಂದ ಚಕ್ರ ತಿರುಗಿಸಿ. ಸುತ್ತ ಒಂದೇ ಸಮ ಅಂತರ ಇರಬೇಕು. ಒಂದೇ ಕಡೆ ಸುಣ್ಣ ಗೀಚಿ ಉಳಿದ ಕಡೆ ದೂರ ಉಳಿದರೆ ಅಲ್ಲಿ ಉಬ್ಬು ಇದೆ. ಅದೇ ರೀತಿ ರಿಮ್ಮಿನ ಅಂಚಿಗೂ ಹಿಡಿಯಿರಿ. ರಿಮ್ಮು ನೇರ ಇದ್ದು ಟೈರು ಉಬ್ಬಿದ್ದರೆ ಒಳಗಿನ ಪದರ ಬಿಟ್ಟಿದೆ. ಅಂಥ ಟೈರನ್ನು ಸ್ಟೆಪ್ನಿಗೂ ಇಡಬೇಡಿ. ಒಡೆಯುವುದು ಯಾವತ್ತಿದ್ದರೂ ಲೋಡಿನಲ್ಲಿ, ಬಿಸಿ ರಸ್ತೆಯಲ್ಲೇ.

ನಮ್ಮ ಸಂಬಂಧಿಕರೊಬ್ಬರ ಗಾಡಿ ಕಥೆ ಇಲ್ಲಿ ಹೇಳಬೇಕು. 70ಕ್ಕೆ ನಡುಕ ಬರ್ತಿತ್ತು. ಪಟ್ಟಣದ ಒಂದು ಗ್ಯಾರೇಜಿನವರು ಮೊದಲ ಸಲ ಶಾಕ್ ಅಬ್ಸಾರ್ಬರ್ ಜೋಡಿ ಹಾಕಿದರು. ಹೋಗಲಿಲ್ಲ. ಎರಡನೆ ಸಲ ಟೈ ರಾಡ್ ಎಂಡುಗಳು. ಹೋಗಲಿಲ್ಲ. ಮೂರನೆ ಸಲ ಸ್ಟಿಯರಿಂಗ್ ಬಾಕ್ಸೇ ಬಿಚ್ಚಬೇಕು ಅಂದರು. ಅಷ್ಟರಲ್ಲಿ 11 ಸಾವಿರ ಕೈಬಿಟ್ಟಿತ್ತು. ಊರಿಗೆ ತಂದು ಸುಣ್ಣದ ಪರೀಕ್ಷೆ ಮಾಡಿದರೆ ಎಡಗಡೆ ಮುಂದಿನ ಟೈರು ಒಂದು ಗೇಣು ಅಗಲಕ್ಕೆ ಉಬ್ಬಿತ್ತು. ಟೈರು ಬದಲಾಯಿಸಿದ ದಿನವೇ ನಡುಕ ಹೋಯಿತು. ಬಿಚ್ಚಿದ ಹಳೆ ಟೈ ರಾಡ್ ಎಂಡುಗಳನ್ನು ಅವರು ಕೇಳಿ ತಂದಿದ್ದರು. ಕೈಯಲ್ಲಿ ಅಲುಗಿಸಿದರೆ ಬಿಗಿಯಾಗೇ ಇದ್ದವು.

ಚಕ್ರ ಅದಲು ಬದಲು: ಖರ್ಚಿಲ್ಲದ ಪರೀಕ್ಷೆ

ತೊಳೆದು, ಗಾಳಿ ಸರಿ ಮಾಡಿ, ನಟ್ಟು ಬಿಗಿದ ಮೇಲೂ ನಡುಕ ಇದ್ದರೆ ಮುಂದಿನ ಎರಡೂ ಚಕ್ರ ಹಿಂದಕ್ಕೆ, ಹಿಂದಿನವು ಮುಂದಕ್ಕೆ ಹಾಕಿ. ನಾಲ್ಕೂ ಒಂದೇ ಅಳತೆಯ ಗಾಡಿಯಲ್ಲಿ ಮಾತ್ರ ಇದು ನಡೆಯುತ್ತೆ. ಹಿಂದೆ ಮುಂದೆ ಗಾಳಿಯ ಅಳತೆ ಬೇರೆ ಇರುವುದರಿಂದ ಪುಸ್ತಕದಲ್ಲಿ ಬರೆದಂತೆ ಮತ್ತೆ ಗಾಳಿ ಸರಿಮಾಡಿ. ಖಾಲಿ ಗಾಡಿಯಲ್ಲಿ ಅದೇ ರಸ್ತೆ, ಅದೇ ವೇಗ ಹೋಗಿ ಬನ್ನಿ.

ನಡುಕ ಸ್ಟಿಯರಿಂಗ್ ಬಿಟ್ಟು ಸೀಟಿಗೆ ಬಂದರೆ ರೋಗ ಚಕ್ರದಲ್ಲಿದೆ, ಚಕ್ರದ ಜೊತೆ ಹಿಂದಕ್ಕೆ ಹೋಯಿತು. ಬ್ಯಾಲೆನ್ಸ್ ಮಾಡಿಸಿ, ಆಗದಿದ್ದರೆ ಟೈರೋ ರಿಮ್ಮೋ ಬದಲಿಸಿ. ನಡುಕ ಸ್ಟಿಯರಿಂಗಿನಲ್ಲೇ ಉಳಿದರೆ ರೋಗ ಹಬ್ಬಿನಿಂದ ಒಳಗಿದೆ. ಈ ಒಂದು ಪರೀಕ್ಷೆ ಮಾಡದೆ ಯಾವ ಜಾಯಿಂಟಿಗೂ ಹಣ ಕೊಡಬಾರದು ಅನ್ನೋದು ನನ್ನ ಖಚಿತ ಮಾತು.

ಜಾಕಿ ಕೊಟ್ಟು ಅಲುಗಿಸಿ

ಸಮ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಜಾಕಿ ಒಂದನ್ನೇ ನಂಬಿ ಯಾರೂ ಗಾಡಿ ಕೆಳಗೆ ತೂರಬಾರದು. ಆಕ್ಸಲ್ ಅಡಿ ಗಟ್ಟಿ ಮರದ ದಿಮ್ಮಿ ಇಡಿ.

ಚಕ್ರವನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲುಗಿಸಿ. ಕಟಕಟ ಅಂದರೆ ಬೇರಿಂಗು, ಇಲ್ಲವೆ ಕಿಂಗ್ ಪಿನ್, ಗಾಡಿ ಬೇರೆ ಮಾದರಿ ಆದರೆ ಬಾಲ್ ಜಾಯಿಂಟು. ಯಾವುದು ಅಂತ ತಿಳಿಯಲು ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಆಟ ನಿಂತರೆ ಬೇರಿಂಗು. ನಿಲ್ಲದಿದ್ದರೆ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟು. ಬೇರಿಂಗಿನ ಸಡಿಲ ಕೆಲವು ಸಲ ನಟ್ಟು ಸರಿಮಾಡಿ ಗ್ರೀಸು ತುಂಬಿದರೆ ಹೋಗ್ತದೆ.

ಆಮೇಲೆ ಎಡಕ್ಕೊಂದು, ಬಲಕ್ಕೊಂದು ಕೈ ಹಿಡಿದು ಅಲುಗಿಸಿ. ಇಲ್ಲಿ ಆಟ ಇದ್ದರೆ ಟೈ ರಾಡ್ ಎಂಡು ಅಥವಾ ಸ್ಟಿಯರಿಂಗ್ ಬಾಕ್ಸ್. ಇನ್ನೂ ಚೆನ್ನಾಗಿ ಗೊತ್ತಾಗಬೇಕಾದರೆ ಗಾಡಿ ನೆಲಕ್ಕಿಳಿಸಿ, ಒಬ್ಬರು ಸ್ಟಿಯರಿಂಗನ್ನು ಒಂದು ಗೇಣಿನಷ್ಟು ಎಡಕ್ಕೂ ಬಲಕ್ಕೂ ಆಡಿಸಲಿ, ಇನ್ನೊಬ್ಬರು ಮುಂದೆ ಬಗ್ಗಿ ಪ್ರತಿ ಜಾಯಿಂಟನ್ನೂ ನೋಡಲಿ. ರಾಡು ಚಲಿಸಿ ಅದರ ಮುಂದಿನ ತುಂಡು ತಡವಾಗಿ ಚಲಿಸಿದರೆ ಆ ಜಾಯಿಂಟೇ ಕಳ್ಳ.

ಗುಂಡಿ ಮೇಲಿನ ಹುಚ್ಚು ನಡುಕ

ಮುಂದೆಯೂ ಉದ್ದ ಆಕ್ಸಲ್, ಪಾಟಾ ಸ್ಪ್ರಿಂಗು ಇರುವ ಗಾಡಿಗಳಲ್ಲಿ ಇದು ಹೆಚ್ಚು. ಗುಂಡಿಗೋ ಸೇತುವೆಯ ಸಂದಿಗೋ ಬಿದ್ದ ಕೂಡಲೆ ಎರಡೂ ಚಕ್ರ ಎಡಬಲಕ್ಕೆ ಹುಚ್ಚು ಹಿಡಿದಂತೆ ಬಡಿದುಕೊಳ್ತವೆ. ಸ್ಟಿಯರಿಂಗ್ ಕೈ ಕಿತ್ತುಕೊಂಡು ಹೋಗ್ತದೆ. ವೇಗ ಇಳಿಸುವವರೆಗೆ ನಿಲ್ಲೋದಿಲ್ಲ.

ಆಗ ಮಾಡಬೇಕಾದ್ದು: ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಗಟ್ಟಿ ಹಿಡಿಯಿರಿ, ನಡುಕಕ್ಕೆ ಎದುರಾಗಿ ತಿರುಗಿಸಲು ಹೋಗಬೇಡಿ. ಆಕ್ಸಿಲರೇಟರ್ ಬಿಡಿ. ಬ್ರೇಕ್ ಧಡಕ್ಕನೆ ಒತ್ತಬೇಡಿ. ಮೆಲ್ಲಗೆ ವೇಗ ಇಳಿಸಿ ಎಡಕ್ಕೆ ನಿಲ್ಲಿಸಿ. ನಿಂತ ಮೇಲೆ "ಸರಿ ಹೋಯಿತಲ್ಲ" ಅಂತ ಅದೇ ವೇಗದಲ್ಲಿ ಹೊರಡಬೇಡಿ. ಒಮ್ಮೆ ಬಂದದ್ದು ಮತ್ತೆ ಬಂದೇ ಬರ್ತದೆ.

ಕಾರಣ ಒಂದೇ ಇರೋದಿಲ್ಲ. ಸ್ವಲ್ಪ ಕಿಂಗ್ ಪಿನ್, ಸ್ವಲ್ಪ ಟೈ ರಾಡ್, ಸವೆದ ಶ್ಯಾಕಲ್ ಬುಷ್, ಸಡಿಲ ಯು ಬೋಲ್ಟು, ಕುಸಿದ ಪಾಟಾ, ಎಲ್ಲ ಸೇರಿ ಆಗ್ತದೆ. ಟೈರಿನ ಏರುಪೇರು ಕಿಡಿ ಹಚ್ಚುತ್ತದೆ. ಸ್ಟಿಯರಿಂಗಿಗೆ ಒಂದು ಡ್ಯಾಂಪರ್ ಹಾಕಿ ಕಳಿಸುವವರಿದ್ದಾರೆ. ಅದು ಜ್ವರಕ್ಕೆ ಗುಳಿಗೆ ನುಂಗಿಸಿದಂತೆ. ರೋಗ ಒಳಗೇ ಇರ್ತದೆ.

ನಾವು ಲೋಡು ಹಾಕುವ ರೀತಿಯದೂ ಇದರಲ್ಲಿ ಪಾಲಿದೆ. ಈರುಳ್ಳಿ ಚೀಲವನ್ನು ಹಿಂದಿನ ಚಕ್ರದಾಚೆ ಪೇರಿಸಿದರೆ ಗಾಡಿಯ ಮೂತಿ ಮೇಲೇಳ್ತದೆ. ಮುಂದಿನ ಚಕ್ರದ ಮೇಲೆ ಭಾರ ಕಡಿಮೆ ಆಗ್ತದೆ, ಅದು ನಿಂತ ಕೋನವೂ ಬದಲಾಗ್ತದೆ. ಹಾಸಿಗೆಯ ಮುಂಭಾಗದಿಂದ ತುಂಬಿ, ಗಾಡಿಗೆ ಬರೆದ ತೂಕ ಮೀರಬೇಡಿ. ಮೂರು ಟ್ರಿಪ್ಪಿನದು ಎರಡರಲ್ಲಿ ಹೊಡೆದು ಉಳಿಸಿದ ಡೀಸೆಲ್ಲು ಪಾಟಾ, ಬುಷ್ಷಿಗೆ ಹೋಗ್ತದೆ.

ಬ್ಯಾಲೆನ್ಸಿಂಗ್ ಬೇರೆ, ಅಲೈನ್‌ಮೆಂಟ್ ಬೇರೆ

ಎರಡೂ ಒಂದೇ ಬೋರ್ಡಿನಲ್ಲಿ ಬರೆದಿರೋದರಿಂದ ನಮ್ಮವರು ಒಂದೇ ಅಂದುಕೊಂಡಿದ್ದಾರೆ. ಬ್ಯಾಲೆನ್ಸಿಂಗ್ ಅಂದರೆ ಚಕ್ರದ ಸುತ್ತ ತೂಕ ಸಮ ಮಾಡುವುದು. ಅದು ನಡುಕಕ್ಕೆ ಮದ್ದು. ಅಲೈನ್‌ಮೆಂಟ್ ಅಂದರೆ ಚಕ್ರ ನಿಂತ ದಿಕ್ಕು, ಕೋನ ಸರಿ ಮಾಡುವುದು. ಅದು ಗಾಡಿ ಒಂದು ಕಡೆ ಎಳೆಯುವುದಕ್ಕೆ, ಟೈರು ಓರೆ ಸವೆಯುವುದಕ್ಕೆ ಮದ್ದು. ಸಡಿಲ ಜಾಯಿಂಟು ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸಿದರೆ ಗೇಟು ದಾಟುವಷ್ಟರಲ್ಲಿ ಅದು ಕೆಡ್ತದೆ. ಜಾಯಿಂಟು ಮೊದಲು, ಅಲೈನ್‌ಮೆಂಟು ಕೊನೆಗೆ.

"ಅದು ಮೆಕ್ಯಾನಿಕ್ಕನ ಕೆಲಸ" ಅನ್ನುವವರಿಗೆ

ರೈತ ಗಾಡಿ ರಿಪೇರಿಗೆ ಇಳಿದರೆ ಬೇಸಾಯ ಯಾರು ಮಾಡಬೇಕು ಅಂತ ಕೇಳ್ತಾರೆ. ನಾನು ರಿಪೇರಿ ಮಾಡಿ ಅನ್ನುತ್ತಿಲ್ಲ. ಬೇರಿಂಗು ಹಾಕುವುದು, ಕಿಂಗ್ ಪಿನ್ ಒತ್ತುವುದು, ಡಿಸ್ಕು ಕಡೆಸುವುದು ಬಲ್ಲವರದೇ ಕೆಲಸ. ಆದರೆ ಎತ್ತು ಕುಂಟಿದರೆ ಗೊರಸಿನಲ್ಲಿ ಮುಳ್ಳಿದೆಯೋ, ಕೀಲು ಊದಿದೆಯೋ ಅಂತ ನೋಡದೆ ನಮ್ಮ ಹಿರಿಯರು ಡಾಕ್ಟರ ಹತ್ತಿರ ಓಡುತ್ತಿರಲಿಲ್ಲ. ಗಾಡಿಗೂ ಅಷ್ಟು ಮರ್ಯಾದೆ ಕೊಡಬೇಕು. ಕಂತು ಕಟ್ಟುತ್ತಿರುವವರು ನಾವು.

ಒಳ್ಳೆ ಮೆಕ್ಯಾನಿಕ್ಕುಗಳು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಅವರಿಗೂ ಕಷ್ಟ ಇದೆ. "ಸಂಜೆಗೆ ಲೋಡು ಇದೆ, ಬೇಗ ಮಾಡು" ಅಂತ ತಲೆ ಮೇಲೆ ಕೂತರೆ ಅವರು ಓಡಿಸಿ ನೋಡುವುದು ಯಾವಾಗ? ಊಹೆ ಮೇಲೆ ಸಾಮಾನು ಹಾಕ್ತಾರೆ. ಹಾಗಾಗಿ ಸುಗ್ಗಿಗೆ ಒಂದು ತಿಂಗಳು ಮೊದಲೇ, ಗಾಡಿ ಖಾಲಿ ಇರುವಾಗ, ಈ ಪರೀಕ್ಷೆ ಮಾಡಿ ಮುಗಿಸಬೇಕು. ಬಿತ್ತನೆಗೆ ಮೊದಲು ಕೂರಿಗೆ ಸರಿ ಮಾಡಿಕೊಳ್ಳೋದಿಲ್ಲವೇ?

ಗಾಳಿ ಅಳೆಯುವ ಗೇಜು, ಒಳ್ಳೆ ಜಾಕಿ, ಎರಡು ಸ್ಟ್ಯಾಂಡು, ಬಿಗಿತ ಅಳೆಯುವ ಪಾನಾ ಇವನ್ನು ಒಬ್ಬೊಬ್ಬರೇ ಕೊಳ್ಳಬೇಕಿಲ್ಲ. ಊರಿನ ನಾಲ್ಕೈದು ಗಾಡಿಯವರು ಸೇರಿ ಒಂದು ಜೊತೆ ಇಟ್ಟುಕೊಳ್ಳಬಹುದು. ಸ್ಪ್ರೇಯರ್ ಹಂಚಿಕೊಳ್ಳುವ ನಮಗೆ ಇದು ಹೊಸದಲ್ಲ.

ಕೊನೆಗೆ ಕಹಿ ಮಾತೊಂದು. ಕಳೆ ತೆಗೆಯಲು, ಈರುಳ್ಳಿ ಕೀಳಲು ಹೆಣ್ಣಾಳುಗಳನ್ನು ಇದೇ ಗಾಡಿಯ ಹಿಂದೆ ನಿಲ್ಲಿಸಿಕೊಂಡು ಹೋಗ್ತೇವೆ. ಸರಕು ಗಾಡಿಯಲ್ಲಿ ಜನ ಸಾಗಿಸುವುದು ಕಾನೂನಿಗೆ ವಿರುದ್ಧ, ಆದರೂ ನಡೀತಿದೆ. ನಡುಗುವ ಗಾಡಿಯಲ್ಲಿ ಅವರಿಗೆ ಹಿಡಿಯಲಿಕ್ಕೂ ಏನಿಲ್ಲ. ಈರುಳ್ಳಿ ಚೆಲ್ಲಿದರೆ ಒಂದು ಬೆಳೆ ಹೋಯಿತು ಅಂದುಕೊಳ್ಳಬಹುದು. ಅವರದು ಹಾಗಲ್ಲ. ಅವರನ್ನು ಬಸ್ಸಿನಲ್ಲೋ ಆಟೋದಲ್ಲೋ ಕರೆಸಿ, ಚಾರ್ಜು ಕೊಡಿ.

ಈ ತಿಂಗಳು ನಿಮ್ಮ ಗಾಡಿಯ ಮುಂದಿನ ಎರಡು ಚಕ್ರ ಬಿಚ್ಚಿ ಒಳಬದಿ ನೋಡಿ. ಎಷ್ಟು ಮಣ್ಣು ಸಿಕ್ಕಿತು, ತೂಕ ಹಾಕಿ ಈ ಪತ್ರಿಕೆಗೆ ಬರೆಯಿರಿ. ನಮಗೆಲ್ಲ ಉಪಯೋಗ ಆಗ್ತದೆ.